ಪಂಪ್ ತರಿಸುವ ಮೊದಲು ಟ್ಯಾಂಕಿನ ಬುಡ ನೋಡು

ಮಗಾ,

ನೀನು ಕಳಿಸಿದ ಮೂರು ಪಂಪಿನ ಫೋಟೋಗಳನ್ನೂ ನೋಡಿದೆ. ಒಂದರ ಮೇಲೆ ‘ಹೈ ಫ್ಲೋ’ ಅಂತ ದೊಡ್ಡದಾಗಿ ಬರೆದಿದೆ. ಇನ್ನೊಂದು ಯಾವುದೋ ಹೊಸ ಎಂಪಿಎಫ್‌ಐ ಕಾರಿನ ಟ್ಯಾಂಕಿನೊಳಗೆ ಕೂರುವಂಥದ್ದು. ಮೂರನೆಯದು ನಿನ್ನ ಕಾರಿನ ಹಳೇ ಪಂಪಿನ ಹಾಗೇ ಕಾಣುತ್ತದೆ, ಬೆಲೆ ಮಾತ್ರ ಕಾಲು ಭಾಗ. ಇವುಗಳಲ್ಲಿ ಯಾವುದನ್ನು ಆರ್ಡರ್ ಮಾಡಲಿ ಅಂತ ಕೇಳಿದ್ದೀಯ. ಸದ್ಯಕ್ಕೆ ಮೂರೂ ಬೇಡ. ಯಾಕೆ ಅಂತ ಹೇಳುತ್ತೇನೆ, ಸಮಾಧಾನದಿಂದ ಓದು.

ನಿನ್ನ ಅಜ್ಜ ಕುವೈತಿನಿಂದ ಆ 280ಇ ಬೆಂಜ್ ಕಾರನ್ನು ತಂದಾಗ, ಈ ಊರಲ್ಲಿ ಅದರ ಬಾನೆಟ್ ಎತ್ತಿದ ಮೊದಲ ಮೆಕ್ಯಾನಿಕ್ ನಾನು. ಎತ್ತಿದವನೇ ಕಾರ್ಬ್ಯುರೇಟರ್ ಎಲ್ಲಿದೆ ಅಂತ ಹುಡುಕಿದೆ. ಅದು ಇರಲೇ ಇಲ್ಲ. ಅದರ ಬದಲು ಒಂದು ಬೀಡು ಕಬ್ಬಿಣದ ಗಡ್ಡೆ, ಅದರ ತಲೆಯಿಂದ ಹೊರಟು ಆರು ಸಿಲಿಂಡರ್‌ಗಳ ಕಡೆ ಬಾಗಿದ ಆರು ಸಣ್ಣ ಪೈಪುಗಳು. ಅಲ್ಲಿಯವರೆಗೆ ನನಗೆ ಪಂಪ್ ಅಂದರೆ ಎರಡೇ. ಒಂದು, ಅಂಬಾಸಡರ್ ಎಂಜಿನ್ನಿನ ಪಕ್ಕೆಗೆ ಕಚ್ಚಿಕೊಂಡ ಅಂಗೈಯಗಲದ ಡಯಾಫ್ರಾಮ್ ಪಂಪ್. ಇನ್ನೊಂದು, ಲಾರಿಗಳ ಡೀಸೆಲ್ ಪಂಪ್. ಅದನ್ನು ತಯಾರಿಸುತ್ತಿದ್ದ ಬೆಂಗಳೂರಿನ ಆಡುಗೋಡಿಯ ಮೈಕೋ ಕಂಪನಿ 1951ರಲ್ಲಿ ಶುರುವಾದದ್ದು, ಆದ್ದರಿಂದ ನಮ್ಮ ತಲೆಮಾರಿನವರಿಗೆಲ್ಲ ಅದು ‘ಮೈಕೋ ಪಂಪ್’ ಅಂತಲೇ ಬಾಯಲ್ಲಿ ಕೂತಿತ್ತು. ಅಂಬಾಸಡರಿನ ಪಂಪ್ ಪೆಟ್ರೋಲನ್ನು ಕಾರ್ಬ್ಯುರೇಟರಿನ ಬಟ್ಟಲಿಗೆ ಎತ್ತಿಕೊಟ್ಟರೆ ಮುಗಿಯಿತು. ಅದರ ಒತ್ತಡ 3–4 ಪಿಎಸ್‌ಐ, ಬಾರ್ ಲೆಕ್ಕದಲ್ಲಿ ಕಾಲು ಬಾರ್ ಅಷ್ಟೇ. ಡಯಾಫ್ರಾಮ್ ಅರ್ಧ ಹರಿದಿದ್ದರೂ ಗಾಡಿ ಮನೆ ಸೇರುತ್ತಿತ್ತು.

ನಿನ್ನ ಕಾರು ಆ ಜಾತಿಯದಲ್ಲ. ಅದರಲ್ಲಿರುವುದು ಬಾಷ್ ಕಂಪನಿಯ ಕೆ-ಜೆಟ್ರಾನಿಕ್. ಕೆ ಅಂದರೆ ಜರ್ಮನ್ ಭಾಷೆಯಲ್ಲಿ ‘ನಿರಂತರ’ ಅನ್ನುವ ಪದದ ಮೊದಲಕ್ಷರ. ಎಂಜಿನ್ ತಿರುಗುತ್ತಿರುವಷ್ಟು ಹೊತ್ತೂ ಇಂಜೆಕ್ಟರುಗಳು ಎಡೆಬಿಡದೆ ಪೆಟ್ರೋಲ್ ಸಿಂಪಡಿಸುತ್ತಲೇ ಇರುತ್ತವೆ. ಅವಕ್ಕೆ ಕಂಪ್ಯೂಟರಿನ ಅಪ್ಪಣೆ ಬೇಕಿಲ್ಲ, ಒತ್ತಡವೇ ಅವುಗಳ ಬೀಗದ ಕೈ. ಸುಮಾರು ಮೂರೂವರೆ ಬಾರ್ ಆದಾಗ ಬಾಯಿ ತೆರೆಯುತ್ತವೆ, ಅದಕ್ಕಿಂತ ಇಳಿದರೆ ಮುಚ್ಚಿಕೊಳ್ಳುತ್ತವೆ. ಇಡೀ ವ್ಯವಸ್ಥೆ ಓಡುವುದು ಐದು ಬಾರ್ ಆಸುಪಾಸಿನಲ್ಲಿ. ಈಗ ನಿನ್ನ ಎರಡನೆಯ ಫೋಟೋ ನೋಡು. ಹೊಸ ಎಂಪಿಎಫ್‌ಐ ಕಾರುಗಳು ಮೂರರಿಂದ ನಾಲ್ಕು ಬಾರಿನಲ್ಲಿ ಓಡುತ್ತವೆ, ಆ ಜೋಡಣೆಯ ಒಳಗೇ ರೆಗ್ಯುಲೇಟರ್ ಕೂತಿರುತ್ತದೆ. ಅದನ್ನು ತಂದು ನಿನ್ನ ಬೆಂಜಿಗೆ ಕೂರಿಸಿದರೆ ಪಂಪ್ ಗುಂಯ್‌ಗುಟ್ಟುತ್ತದೆ, ಪೈಪಿನಲ್ಲಿ ಪೆಟ್ರೋಲೂ ಬರುತ್ತದೆ, ಎಂಜಿನ್ ಮಾತ್ರ ಸರಿಯಾಗಿ ಹಿಡಿಯುವುದಿಲ್ಲ. ನೀನು ಪ್ಲಗ್ ಬಿಚ್ಚುತ್ತೀಯ, ಕಾಯಿಲ್ ಬದಲಿಸುತ್ತೀಯ, ಒಂದು ವಾರ ನಿದ್ದೆಗೆಡುತ್ತೀಯ.

ಅದಕ್ಕೇ ಹೇಳುವುದು, ಪಂಪಿನ ವಿಷಯದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ಬಾರ್?’. ಇಂಜೆಕ್ಷನ್ ಅಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. 1967ರಲ್ಲಿ ಫೋಕ್ಸ್‌ವ್ಯಾಗನ್ 1600ರಲ್ಲಿ ಬಂದ ಡಿ-ಜೆಟ್ರಾನಿಕ್ ಎರಡು ಬಾರಿನದು. 1973ರ ಹೊತ್ತಿಗೆ ಬಂದ ಎಲ್-ಜೆಟ್ರಾನಿಕ್ ಎರಡೂವರೆಯದು, ಹೆಚ್ಚುಕಡಿಮೆ ಅದೇ ಹೊತ್ತಿಗೆ ಬಂದ ನಿನ್ನ ಕೆ-ಜೆಟ್ರಾನಿಕ್ ಅದರ ಇಮ್ಮಡಿ. ಇಂಗ್ಲೆಂಡಿನ ಟ್ರಯಂಫ್ ಟಿಆರ್5, ಟಿಆರ್6 ಕಾರುಗಳ ಲ್ಯೂಕಾಸ್ ಇಂಜೆಕ್ಷನ್ನಿಗೆ 100 ಪಿಎಸ್‌ಐಗೂ ಮೇಲೆ, ಅಂದರೆ ಏಳು ಬಾರ್ ಬೇಕು. ಆ ಕಾರುಗಳ ಡಿಕ್ಕಿಯಲ್ಲಿದ್ದ ಪಂಪಿನ ಮೋಟರು ವೈಪರ್ ಮೋಟರಿನ ವಂಶದ್ದು. ಬೇಸಿಗೆಯಲ್ಲಿ ಕಾದು ಪೆಟ್ರೋಲನ್ನು ಆವಿ ಮಾಡಿ ಎಂಜಿನ್ನನ್ನು ಉಪವಾಸ ಕೆಡವುತ್ತಿತ್ತು. ಅಲ್ಲಿನ ಎಷ್ಟೋ ಜನ ಕೊನೆಗೆ ಬಾಷ್ ಪಂಪ್ ಹಾಕಿಸಿಕೊಂಡರು. ನಮ್ಮ ಕರಾವಳಿಯ ಏಪ್ರಿಲ್ ಬಿಸಿಲಿಗೆ ಆ ಟ್ರಯಂಫ್ ಕಾರನ್ನು ನಿಲ್ಲಿಸಿದ್ದರೆ ಏನಾಗುತ್ತಿತ್ತೋ ಊಹಿಸು.

ಇನ್ನೊಂದು ಮಾತು, ಇದು ನನಗೆ ಅರ್ಥವಾಗಲು ವರ್ಷಗಳೇ ಬೇಕಾದವು. ಪಂಪ್ ಕೊಡುವುದು ಹರಿವನ್ನು. ಒತ್ತಡ ಹುಟ್ಟುವುದು ಆ ಹರಿವಿಗೆ ತಡೆ ಸಿಕ್ಕಾಗ. ನಿಮ್ಮ ಅಡಿಕೆ ತೋಟದಲ್ಲಿ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದ್ದೀಯಲ್ಲ? ಬೆರಳು ತೆಗೆದರೆ ನೀರು ಕಾಲ ಬುಡಕ್ಕೆ ಬೀಳುತ್ತದೆ, ಒತ್ತಿದರೆ ನಾಲ್ಕನೇ ಸಾಲಿನ ಮರಕ್ಕೆ ಹಾರುತ್ತದೆ. ಮೋಟರು ಅದೇ. ಕಾರಿನಲ್ಲಿ ಆ ಹೆಬ್ಬೆರಳೇ ರೆಗ್ಯುಲೇಟರ್. ಎಂಜಿನ್ ಕುಡಿದು ಮಿಕ್ಕ ಪೆಟ್ರೋಲನ್ನು ಅದು ವಾಪಸ್ ಟ್ಯಾಂಕಿಗೆ ಬಿಡುತ್ತದೆ. ಹಾಗಾಗಿ ಒತ್ತಡ ಕಡಿಮೆ ಬಂತು ಅಂದ ಕೂಡಲೇ ಪಂಪ್ ಸತ್ತಿದೆ ಅಂತ ತೀರ್ಮಾನಿಸಬೇಡ. ರೆಗ್ಯುಲೇಟರ್ ಸೋರುತ್ತಿರಬಹುದು, ಫಿಲ್ಟರ್ ಕಟ್ಟಿರಬಹುದು. ಪಂಪಿಗೆ ಕುಡಿಯಲು ಟ್ಯಾಂಕಿನಿಂದಲೇ ಸರಿಯಾಗಿ ಬರದೆಯೂ ಇರಬಹುದು.

ಈ ಕೊನೆಯದರ ಬಗ್ಗೆ ನಾನು ಪಟ್ಟ ಪಾಡು ಹೇಳಲೇಬೇಕು. ತೊಂಬತ್ತರ ದಶಕದಲ್ಲಿ ಸಕಲೇಶಪುರದ ಕಡೆಯ ಕಾಫಿ ಪ್ಲಾಂಟರ್ ಒಬ್ಬರ ಬಳಿ ಇದೇ ಎಂಜಿನ್ನಿನ ಕಾರಿತ್ತು. ಶಿರಾಡಿ ಘಾಟಿಯಲ್ಲಿ ಇಳಿದು ಬರುವಾಗ ಏನೂ ತೊಂದರೆಯಿಲ್ಲ. ಹತ್ತುವಾಗ ಅರ್ಧ ದಾರಿಯಲ್ಲಿ ದಮ್ಮು ಕಳೆದುಕೊಂಡು ನಿಲ್ಲುತ್ತಿತ್ತು. ಅರ್ಧ ಗಂಟೆ ರಸ್ತೆ ಬದಿ ನಿಲ್ಲಿಸಿ ಮತ್ತೆ ಕೀ ತಿರುಗಿಸಿದರೆ ಏನೂ ಆಗದವರ ಹಾಗೆ ಹೊರಡುತ್ತಿತ್ತು. ನಾನು ಪಂಪ್ ಬದಲಿಸಿದೆ. ಎರಡು ತಿಂಗಳು ಚೆನ್ನಾಗಿ ಓಡಿತು. ಮತ್ತೆ ಅದೇ ರೋಗ. ಇನ್ನೊಂದು ಪಂಪ್. ಮೂರನೆಯದೂ ಕಿರುಗುಟ್ಟಲು ಶುರುವಾದಾಗ ಆ ರಾತ್ರಿ ಗ್ಯಾರೇಜಿನಲ್ಲೇ ಕೂತು ಹಳೇ ಪಂಪನ್ನು ವೈಸಿಗೆ ಕಚ್ಚಿಸಿ ಹ್ಯಾಕ್ಸಾದಿಂದ ಕೊಯ್ದೆ.

ಒಳಗೆ ಒಂದು ಉಕ್ಕಿನ ತಟ್ಟೆ, ಅದರ ಅಂಚಿನ ಕಚ್ಚುಗಳಲ್ಲಿ ಪುಟ್ಟ ರೋಲರುಗಳು. ತಟ್ಟೆ ಒಂದು ಕಡೆಗೆ ವಾಲಿ ಕೂತಿರುತ್ತದೆ. ಅದು ತಿರುಗಿದಾಗ ರೋಲರುಗಳು ಗೋಡೆಗೆ ಒತ್ತಿಕೊಂಡು ಪೆಟ್ರೋಲನ್ನು ಅಗಲದ ಜಾಗದಿಂದ ಇಕ್ಕಟ್ಟಿನ ಜಾಗಕ್ಕೆ ದೂಡುತ್ತವೆ. ಅವುಗಳ ನಡುವಿನ ಸಂದು ಕೂದಲೆಳೆಯಷ್ಟೂ ಇಲ್ಲ. ಕನ್ನಡಿಯ ಹಾಗೆ ಹೊಳೆಯಬೇಕಿದ್ದ ಗೋಡೆಯ ಮೇಲೆ ಉಗುರಿನಿಂದ ಕೆರೆದ ಹಾಗೆ ಗೆರೆಗಳು. ಮೂಲೆಯಲ್ಲಿ ಕೆಂಪಗೆ, ಕಾಫಿ ಚರಟದ ಹಾಗೆ ಏನೋ ಕೂತಿತ್ತು. ಬೆರಳಲ್ಲಿ ತೀಡಿದೆ. ತುಕ್ಕು.

ಬೆಳಗಾಗುವುದನ್ನೇ ಕಾದು ಟ್ಯಾಂಕಿನ ಬುಡದ ಜಾಲರಿ ಬಿಚ್ಚಿದೆ. ಅದೂ ಅದೇ ಚರಟದಿಂದ ತುಂಬಿತ್ತು. ಆಗ ಎಲ್ಲ ಹೊಂದಿಕೊಂಡಿತು. ಏರು ಹತ್ತುವಾಗ ಎಂಜಿನ್ ಹೆಚ್ಚು ಕೇಳುತ್ತದೆ, ಸೆಳೆತಕ್ಕೆ ತುಕ್ಕಿನ ಚೂರುಗಳು ಬಂದು ಜಾಲರಿಗೆ ಅಂಟಿಕೊಳ್ಳುತ್ತವೆ, ಪಂಪ್ ಉಸಿರುಗಟ್ಟುತ್ತದೆ. ಗಾಡಿ ನಿಂತಾಗ ಚೂರುಗಳು ಮೆಲ್ಲಗೆ ಕೆಳಗೆ ಬೀಳುತ್ತವೆ, ದಾರಿ ತೆರೆಯುತ್ತದೆ. ನುಣ್ಣಗಿನ ಪುಡಿ ಜಾಲರಿ ದಾಟಿ ಹೋಗಿ ಒಂದೊಂದೇ ಪಂಪನ್ನು ತಿಂದಿತ್ತು. ಮೊದಲ ದಿನವೇ ಆ ಜಾಲರಿ ಬಿಚ್ಚಿದ್ದರೆ ಅರ್ಧ ದಿನದ ಕೆಲಸ. ಆ ಪ್ಲಾಂಟರ್ ಒಂದು ಮಾತೂ ಆಡದೆ ಮೂರು ಪಂಪಿನ ಹಣ ಕೊಟ್ಟಿದ್ದರು. ನಾನು ಎರಡರ ಕೂಲಿಯನ್ನು ವಾಪಸ್ ಕೊಟ್ಟೆ. ಪಂಪಿನ ಹಣ ಕೊಡುವಷ್ಟು ಶಕ್ತಿ ಆಗ ನನ್ನಲ್ಲಿರಲಿಲ್ಲ, ಆ ಕೊರಗು ಇನ್ನೂ ಇದೆ.

ನಿನ್ನ ಅಜ್ಜನ ಕಾರು ಎಷ್ಟು ವರ್ಷದಿಂದ ಷೆಡ್ಡಿನಲ್ಲಿ ನಿಂತಿದೆ? ಆರೋ ಏಳೋ ಮಳೆಗಾಲ ಕಂಡಿದೆ. ಅರ್ಧ ಖಾಲಿ ಟ್ಯಾಂಕು, ಉಪ್ಪುಗಾಳಿ, ಒಳಗೆ ಬೆವರಿ ಇಳಿದ ನೀರು. ಇದ್ದ ಪೆಟ್ರೋಲು ಹಳಸಿ ಅಂಟಾಗಿ ವಾರ್ನಿಷ್ ವಾಸನೆ ಹೊಡೆಯುತ್ತಿರುತ್ತದೆ. ಆ ಟ್ಯಾಂಕಿಗೆ ಹೊಸ ಪಂಪ್ ಜೋಡಿಸುವುದು ಎಳೆ ಕೂಸಿಗೆ ಕೆಸರು ಕುಡಿಸಿದ ಹಾಗೆ. ಮೊದಲು ಟ್ಯಾಂಕ್ ಇಳಿಸು. ನಿನ್ನ ಕಾರಿನಲ್ಲಿ ಅದು ಹಿಂದಿನ ಸೀಟಿನ ಬೆನ್ನ ಹಿಂದೆ ಇದೆ, ಇಳಿಸುವುದು ಕಷ್ಟವೇನಲ್ಲ. ತೊಳೆಸು, ಬೆಳಕು ಬಿಟ್ಟು ಒಳಗೆ ನೋಡು. ತೂತು ಬಿದ್ದಿದೆ ಅಂತ ಯಾರಾದರೂ ವೆಲ್ಡಿಂಗ್ ಮಾಡಲು ಹೊರಟರೆ ಟ್ಯಾಂಕನ್ನು ಕಿತ್ತುಕೊಂಡು ಬಂದುಬಿಡು. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿ, ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಅಪಾಯ. ಒಳಗೆ ಲೇಪ ಬಳಿಸುವುದೂ ನನಗೆ ಒಪ್ಪಿಗೆಯಿಲ್ಲ. ಸರಿಯಾಗಿ ಹಿಡಿಯದೇ ಹೋದರೆ ಎರಡು ವರ್ಷದಲ್ಲಿ ಹಪ್ಪಳದ ಹಾಗೆ ಎದ್ದು ಅದೇ ಜಾಲರಿಗೆ ಬಂದು ಕೂರುತ್ತದೆ.

ಈಗ ಹರಿವಿನ ಲೆಕ್ಕ. ‘ಹೈ ಫ್ಲೋ’ ಅನ್ನುವ ಮಾತಿಗೆ ಮರುಳಾಗಬೇಡ. ಟರ್ಬೋ ಇಲ್ಲದ ಪೆಟ್ರೋಲ್ ಎಂಜಿನ್ನು ಪೂರ್ತಿ ಜೋರಿನಲ್ಲಿ ಒಂದು ಕುದುರೆಶಕ್ತಿಗೆ ಗಂಟೆಗೆ ಹತ್ತಿರ ಹತ್ತಿರ 300 ಮಿಲಿಲೀಟರ್ ಕುಡಿಯುತ್ತದೆ. ನಿನ್ನದು 1978ರ ನಂತರದ ಎಂಜಿನ್ನು, 185 ಕುದುರೆಶಕ್ತಿ. ಗುಣಿಸಿದರೆ ಗಂಟೆಗೆ 55 ಲೀಟರ್ ಚಿಲ್ಲರೆ. ಪಂಪ್ ಹಳತಾಗುವುದು, ವೋಲ್ಟೇಜ್ ಇಳಿಯುವುದು, ಫಿಲ್ಟರ್ ಕಟ್ಟುವುದು ಎಲ್ಲಕ್ಕೂ ಅಂತ ಮೂರರಲ್ಲೊಂದು ಪಾಲು ಸೇರಿಸು, 75 ಲೀಟರ್ ಅಂತ ಇಟ್ಟುಕೊ. ಇದು ಕನಿಷ್ಠ. ಕಾರಿನ ಮೂಲ ಪಂಪ್ ಇದಕ್ಕಿಂತ ಧಾರಾಳವಾಗಿಯೇ ಕೊಡುತ್ತದೆ, ಯಾಕೆಂದರೆ ಮಿಕ್ಕ ಪೆಟ್ರೋಲ್ ಸುತ್ತು ಹಾಕುತ್ತ ಪೈಪುಗಳನ್ನು ತಂಪಾಗಿಡಬೇಕು. ಆದರೆ ಈ ಅಂಕಿಯನ್ನು ಓದುವಾಗ ಹುಷಾರು. ಪೆಟ್ಟಿಗೆಯ ಮೇಲೆ 200 ಲೀಟರ್ ಅಂತ ಬರೆದಿರುವುದು ಯಾವ ಒತ್ತಡದಲ್ಲಿ, ಎಷ್ಟು ವೋಲ್ಟಿನಲ್ಲಿ? ಬಾಯಿ ತೆರೆದ ಪೈಪಿನಲ್ಲಿ 200 ಕೊಡುವ ಪಂಪು ಐದು ಬಾರಿನ ಎದುರು ಅದರ ಅರ್ಧವನ್ನೂ ಕೊಡದೆ ಇರಬಹುದು. ಐದು ಬಾರಿನಲ್ಲಿ ಎಷ್ಟು ಅಂತ ಅಂಗಡಿಯವನನ್ನು ಕೇಳು. ಉತ್ತರ ಇಲ್ಲದಿದ್ದರೆ ಪಂಪನ್ನು ಮೇಜಿನ ಮೇಲಿಟ್ಟು ಬಾ.

ತೀರಾ ದೊಡ್ಡ ಪಂಪೂ ಕೆಡುಕೇ. ಜಾಸ್ತಿ ಕರೆಂಟ್ ಎಳೆದು ನಲವತ್ತು ವರ್ಷದ ಹಳೇ ವೈರನ್ನು ಬಿಸಿ ಮಾಡುತ್ತದೆ. ಬೇಡದ ಪೆಟ್ರೋಲನ್ನು ಮತ್ತೆ ಮತ್ತೆ ಸುತ್ತಿಸಿ ಟ್ಯಾಂಕನ್ನೇ ಕಾಯಿಸುತ್ತದೆ. ವಾಪಸ್ ಹೋಗುವ ಪೈಪು ಸಪೂರವಾಗಿದ್ದರೆ ರೆಗ್ಯುಲೇಟರಿಗೆ ಒತ್ತಡ ಇಳಿಸಲು ಆಗುವುದಿಲ್ಲ, ಎಂಜಿನ್ ಕಪ್ಪು ಹೊಗೆ ಉಗುಳುತ್ತದೆ.

ಇನ್ನು ವೈರು. ಪಂಪಿಗೆ ವೋಲ್ಟು ಕಡಿಮೆಯಾದರೆ ಹರಿವು ಬಿದ್ದೇ ಹೋಗುತ್ತದೆ. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ ಮಲ್ಟಿಮೀಟರ್ ಇಡು, ಆಮೇಲೆ ಪಂಪಿನ ಎರಡು ತುದಿಗೇ ಇಡು. ಒಂದು ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಪಂಪನ್ನು ಬೈಯಬೇಡ, ಕನೆಕ್ಟರ್ ಬಿಚ್ಚಿ ನೋಡು. ನಮ್ಮ ಕಡಲ ದಂಡೆಯ ಕಾರುಗಳಲ್ಲಿ ಅಲ್ಲಿ ಹಸಿರು ಪುಡಿ ಕೂತಿರುತ್ತದೆ. ಅರ್ತ್ ವೈರಿನ ಬೋಲ್ಟಿನಡಿ ತುಕ್ಕಿರುತ್ತದೆ. ಒಂದು ತುಂಡು ಎಮರಿ ಕಾಗದದಿಂದ ಎಷ್ಟೋ ‘ಸತ್ತ’ ಪಂಪುಗಳು ನನ್ನ ಕೈಯಲ್ಲಿ ಎದ್ದು ಕೂತಿವೆ.

ಬೆಳಗ್ಗೆ ತಣ್ಣಗಿರುವಾಗ ಒಂದೇ ಸಲಕ್ಕೆ ಹಿಡಿದು, ಮಧ್ಯಾಹ್ನ ಊಟ ಮುಗಿಸಿ ಬಂದಾಗ ಸೆಲ್ಫ್ ಹೊಡೆದಷ್ಟೂ ಹಿಡಿಯದಿದ್ದರೆ ಅದು ಬೇರೆ ಕತೆ. ಎಂಜಿನ್ ನಿಂತ ಮೇಲೂ ಪೈಪಿನಲ್ಲಿ ಒಂದಿಷ್ಟು ಒತ್ತಡ ಉಳಿಯಬೇಕು. ಅದಕ್ಕಾಗಿ ಪಂಪಿನ ಬಾಯಲ್ಲಿ ಒಂದು ಚೆಕ್ ವಾಲ್ವ್ ಇದೆ, ಪಕ್ಕದಲ್ಲೇ ಅಕ್ಯುಮ್ಯುಲೇಟರ್ ಅನ್ನುವ ಡಬ್ಬಿ ಇದೆ. ಒತ್ತಡ ಬೇಗ ಇಳಿದುಹೋದರೆ ಎಂಜಿನ್ನಿನ ಕಾವಿಗೆ ಪೈಪಿನ ಪೆಟ್ರೋಲ್ ಆವಿಯಾಗುತ್ತದೆ. ಆ ಚೆಕ್ ವಾಲ್ವನ್ನು ಈ ಬಗೆಯ ಪಂಪುಗಳಲ್ಲಿ ಪ್ರತ್ಯೇಕವಾಗಿ ಬಿಚ್ಚಿ ಹಾಕಬಹುದು. ಹೊಸ ತಾಮ್ರದ ವಾಷರು ಹಾಕಲು ಮರೆಯಬೇಡ. ಎಷ್ಟೋ ಜನ ಈ ಪುಟ್ಟ ವಾಲ್ವಿಗಾಗಿ ಇಡೀ ಪಂಪನ್ನು ಗುಜರಿಗೆ ಹಾಕಿದ್ದನ್ನು ನೋಡಿ ಹೊಟ್ಟೆ ಉರಿದಿದೆ.

ಪಂಪಿನ ಸದ್ದನ್ನು ಕಿವಿಗೆ ರೂಢಿ ಮಾಡಿಕೊ. ಹದವಾದ ಗುಂಯ್‌ಕಾರ ಇರಲೇಬೇಕು. ಸಂಜೆ ಹೊತ್ತಿನ ಜೀರುಂಡೆಯ ಹಾಗೆ ಕೀರಲು ಸ್ವರಕ್ಕೆ ಏರಿದರೆ ಅದು ಹೀರಲು ಪೆಟ್ರೋಲ್ ಸಿಗದ ಕೂಗು. ಆಗ ಟ್ಯಾಂಕಿನ ಮುಚ್ಚಳ ತೆಗೆದು ನೋಡು. ಗಾಳಿ ಸರ್‍ರನೆ ಒಳಗೆ ಹೋಗಿ ಸದ್ದು ಇಳಿಯಿತೋ, ಟ್ಯಾಂಕಿಗೆ ಗಾಳಿ ಬರುವ ದಾರಿ ಕಟ್ಟಿದೆ ಅಂತ ಲೆಕ್ಕ. ಈ ಪಂಪು ಒಳಗೆ ಹರಿಯುವ ಪೆಟ್ರೋಲಿನಿಂದಲೇ ತಂಪಾಗುತ್ತದೆ, ಅದರಿಂದಲೇ ಜಿಡ್ಡು ಪಡೆಯುತ್ತದೆ. ದೂಡುವುದರಲ್ಲಿ ಗಟ್ಟಿಗ, ಹೀರುವುದರಲ್ಲಿ ತೀರಾ ಬಡವ. ಆದ್ದರಿಂದಲೇ ಅದನ್ನು ಕಾರಿನಡಿ, ಟ್ಯಾಂಕಿಗಿಂತ ಕೆಳಗೆ ಕೂರಿಸಿದ್ದಾರೆ. ನೀರು ತಾಗುತ್ತದೆ ಅಂತ ಡಿಕ್ಕಿಯಲ್ಲಿ ಎತ್ತರಕ್ಕೆ ಸಾಗಿಸುವ ಯೋಚನೆ ಬೇಡ. ರಿಸರ್ವ್ ದೀಪ ಉರಿಯುವವರೆಗೆ ಓಡಿಸುವ ಅಭ್ಯಾಸವೂ ಬೇಡ.

ನಿನ್ನ ಚಿಕ್ಕಪ್ಪನ ಮಗ ಕಾಂಟೆಸಾಗೆ ಎಂಪಿಎಫ್‌ಐ ಎಂಜಿನ್ ಕೂರಿಸಬೇಕು ಅಂತಿದ್ದನಲ್ಲ, ಅವನಿಗೂ ಒಂದು ಮಾತು ತಿಳಿಸು. ಅವನ ಹಾದಿ ಬೇರೆ. ಯಾವ ಕಾರಿನ ಎಂಜಿನ್ನೋ ಅದೇ ಕಾರಿನ ಪಂಪು, ಅದೇ ಒತ್ತಡ. ಆದರೆ ಕಾರ್ಬ್ಯುರೇಟರ್ ಕಾಲದ ಟ್ಯಾಂಕಿನಲ್ಲಿ ಪೆಟ್ರೋಲ್ ತಿರುವಿಗೊಮ್ಮೆ ಆ ಮೂಲೆ ಈ ಮೂಲೆ ಸೇರುತ್ತದೆ. ಕಾರ್ಬ್ಯುರೇಟರಿಗೆ ಬಟ್ಟಲಿನಲ್ಲಿ ಒಂದು ಗುಟುಕು ಉಳಿತಾಯ ಇರುತ್ತಿತ್ತು, ಇಂಜೆಕ್ಷನ್ನಿಗೆ ಆ ಬಟ್ಟಲಿಲ್ಲ. ಪಂಪು ಒಂದು ಕ್ಷಣ ಗಾಳಿ ನುಂಗಿದರೂ ಎಂಜಿನ್ ಮುಗ್ಗರಿಸುತ್ತದೆ. ಆದ್ದರಿಂದ ಟ್ಯಾಂಕಿನೊಳಗೋ ಹೊರಗೋ ಒಂದು ಸಣ್ಣ ಕೂಡು ಪಾತ್ರೆ ಮಾಡಿಸಿಕೊಳ್ಳಲಿ, ವಾಪಸ್ ಪೈಪು ಅದಕ್ಕೇ ಬರಲಿ.

ಹೋಸ್ ಪೈಪಿನ ವಿಷಯದಲ್ಲಿ ಒಂದು ರೂಪಾಯಿಯೂ ಉಳಿಸಲು ಹೋಗಬೇಡ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿತು, ಈಗ ಬಂಕುಗಳಲ್ಲಿ ಸಿಗುವುದೇ ಅದು. ಅದರಲ್ಲಿರುವ ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಹಳೇ ರಬ್ಬರನ್ನು ಮೆತ್ತಗೆ ಮಾಡುತ್ತದೆ. ನಿನ್ನ ಕಾರು ಹುಟ್ಟಿದ ಕಾಲದ ರಬ್ಬರಿಗೆ ಇದರ ಪರಿಚಯವೇ ಇಲ್ಲ. ರಬ್ಬರ್ ಇರುವ ಕಡೆಯೆಲ್ಲ ಇಂಜೆಕ್ಷನ್ನಿಗೆಂದೇ ಮಾಡಿದ ಆರ್9 ದರ್ಜೆಯ ಹೋಸ್ ಹಾಕು. ಟ್ಯಾಂಕಿನೊಳಗೆ ಮುಳುಗಿರುವ ತುಂಡಿಗೆ ಅದೂ ಸಾಲದು, ಆರ್10 ಬೇಕು. ಪಂಪಿನ ಆಚೆಯ ಐದು ಬಾರಿನ ಪೈಪುಗಳು ಮೂಲದಲ್ಲಿ ಹೇಗಿದ್ದವೋ ಹಾಗೇ ಇರಲಿ, ಬಿರುಕು ಕಂಡರೆ ಅದೇ ಬಗೆಯದನ್ನು ಮಾಡಿಸೋಣ. ಐದು ಬಾರಿನಲ್ಲಿ ಒಂದು ಸೂಜಿಮೊನೆಯ ತೂತು ಪೆಟ್ರೋಲನ್ನು ಮಂಜಿನ ಹಾಗೆ ಎರಚುತ್ತದೆ, ಆಚೆ ಬಿಸಿ ಸೈಲೆನ್ಸರ್ ಇರುತ್ತದೆ.

ಇದೇ ಕಾರಣಕ್ಕೆ ರಿಲೇ ಕಿತ್ತು ಡ್ಯಾಷ್‌ಬೋರ್ಡಿನಿಂದ ನೇರ ಸ್ವಿಚ್ ಕೊಡಬೇಡ. ಎಂಜಿನ್ ತಿರುಗುವುದು ನಿಂತರೆ ಪಂಪನ್ನೂ ನಿಲ್ಲಿಸುವುದು ಆ ರಿಲೇಯ ಕೆಲಸ. ನೇರ ಸ್ವಿಚ್ ಇದ್ದ ಕಾರು ಗುದ್ದಿ ಪೈಪ್ ಒಡೆಯಿತು ಅಂತಿಟ್ಟುಕೊ. ಎಂಜಿನ್ ನಿಂತಿದೆ, ನೀನು ಒಳಗೆ ಸಿಕ್ಕಿಕೊಂಡಿದ್ದೀಯ, ಪಂಪು ಮಾತ್ರ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಇದನ್ನು ಬರೆಯುವಾಗಲೂ ನನ್ನ ಎದೆ ಝಲ್ಲೆನ್ನುತ್ತದೆ. ಈ ಒಂದು ಮಾತನ್ನು ಮಾತ್ರ ಮೀರಬೇಡ.

ಇಷ್ಟೆಲ್ಲ ನೋಡಿದ ಮೇಲೂ ಪಂಪೇ ಹೋಗಿದೆ ಅಂತಾದರೆ ಖಂಡಿತ ಹೊಸದು ತರೋಣ. ಹಳೇ ಪಂಪಿನ ಮೈ ಒರೆಸಿ ನೋಡು, 0 580ರಿಂದ ಶುರುವಾಗುವ ಹತ್ತಂಕಿಯ ನಂಬರ್ ಕಾಣುತ್ತದೆ. ಕೊನೆಯ ಅಂಕಿಯವರೆಗೂ ಬರೆದುಕೊ. ಆ ನಂಬರಿನದೇ ಆಗಬೇಕು, ಇಲ್ಲವೇ ಕಂಪನಿಯೇ ಅದಕ್ಕೆ ಬದಲಾಗಿ ಹೇಳಿದ ನಂಬರ್ ಆಗಬೇಕು. ನಿನ್ನ ಮೂರನೇ ಫೋಟೋದ ಪಂಪಿನಲ್ಲಿ ನಂಬರ್ ಸ್ಟಿಕರಿನ ಮೇಲಿದೆ, ಒಂದು ಅಕ್ಷರ ವಾರೆಯಾಗಿದೆ. ಬೆಲೆ ಕಡಿಮೆ ಯಾಕೆ ಅನ್ನುವುದಕ್ಕೆ ನನಗೆ ಅಷ್ಟೇ ಸಾಕು.

ಬರುವ ಭಾನುವಾರ ಬೆಳಗ್ಗೆ ಬಿಸಿಲೇರುವ ಮೊದಲು ನಾನೇ ನಿಮ್ಮ ಮನೆಗೆ ಬರುತ್ತೇನೆ. ಪ್ರೆಷರ್ ಗೇಜ್ ನನ್ನ ಹತ್ತಿರ ಇದೆ, ಬೆಂಕಿ ಆರಿಸುವ ಸಿಲಿಂಡರೂ ತರುತ್ತೇನೆ. ಕಾರನ್ನು ಷೆಡ್ಡಿನಿಂದ ದೂಡಿ ಅಂಗಳಕ್ಕೆ ತಂದಿಡು, ಅಡುಗೆ ಮನೆಯ ಕಡೆ ಬೇಡ. ಲೀಟರ್ ಗುರುತಿರುವ ಒಂದು ಸ್ಟೀಲ್ ಪಾತ್ರೆ ಇರಲಿ, ಪ್ಲಾಸ್ಟಿಕ್ ಕ್ಯಾನ್ ಬೇಡ, ಅದರಲ್ಲಿ ಸ್ಥಾಯಿ ವಿದ್ಯುತ್ತಿನ ಕಿಡಿ ಹುಟ್ಟುತ್ತದೆ. ಮೊದಲು ಜಾಲರಿ ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಕೊಡವೋಣ. ಟ್ಯಾಂಕ್ ತೊಳೆದು ಕೂರಿಸಿದ ಮೇಲೆ, ವಾಪಸ್ ಪೈಪನ್ನು ಪಾತ್ರೆಗೆ ಬಿಟ್ಟು ಮೂವತ್ತು ಸೆಕೆಂಡು ಪಂಪ್ ಓಡಿಸೋಣ. ಮುಕ್ಕಾಲು ಲೀಟರ್ ಬಂದರೆ ಅಜ್ಜನ ಪಂಪು ಇನ್ನೂ ಬದುಕಿದೆ ಅಂತಲೇ ನಾನು ನಂಬುತ್ತೇನೆ. ಅಲ್ಲಿಯವರೆಗೆ ಆ ಹಳೇ ಪಂಪನ್ನು ಬಿಚ್ಚಬೇಡ, ಕೀಯನ್ನೂ ತಿರುಗಿಸಬೇಡ.